ಹಳೇ ಕಂಪ್ಯೂಟರ್ ಗೇಮ್‌ಗಳ ಕವರ್ ಚಿತ್ರ ನೋಡುವುದು ಹೇಗೆ

ಮೊದಲು ಗೇಮ್ ಆಡಬೇಡಿ. ಅದರ ವಿಡಿಯೊ ಕೂಡ ನೋಡಬೇಡಿ. 1980ರ ದಶಕದ ಯಾವುದಾದರೂ ಕ್ಯಾಸೆಟ್ ಗೇಮ್‌ನ ಕವರ್ ಹುಡುಕಿ (ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್‌ಗಳು ಬೇಕಾದಷ್ಟಿವೆ), ಪರದೆ ತುಂಬ ದೊಡ್ಡದು ಮಾಡಿಕೊಂಡು ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಐದು ನಿಮಿಷ ಯಾಕೆ ಅಂದರೆ, ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಆ ಕಾಲದ ಬ್ರಿಟಿಷ್ ಮನೆ ಕಂಪ್ಯೂಟರ್‌ನಲ್ಲಿ ಟೇಪಿನಿಂದ ಗೇಮ್ ಲೋಡ್ ಆಗಲು ಹೆಚ್ಚುಕಮ್ಮಿ ಅಷ್ಟು ಹೊತ್ತು ಬೇಕಿತ್ತು. ಟೇಪ್ ಕಿರ್ರೋ ಅಂತ ಕಿರುಚುತ್ತಿರುವಾಗ ನೋಡೋಕೆ ಇದ್ದದ್ದು ಕೈಯಲ್ಲಿದ್ದ ಕವರೇ.

ಆಮೇಲೆ ಪಕ್ಕದಲ್ಲೇ ಗೇಮ್‌ನ ಪರದೆ ತೆರೆಯಿರಿ. ನಗು ಬರುತ್ತೆ, ಬರಲಿ. ಸ್ಪೆಕ್ಟ್ರಮ್ ಪರದೆಯಲ್ಲಿ ಇದ್ದದ್ದು 256×192 ಚುಕ್ಕಿ. ಅದರಲ್ಲೂ 8×8ರ ಒಂದೊಂದು ಚೌಕಕ್ಕೆ ಎರಡೇ ಬಣ್ಣ, ಹಾಗಾಗಿ ಗೋಡೆ ಪಕ್ಕ ಹೋದ ಹೀರೋಗೆ ಗೋಡೆಯ ಬಣ್ಣವೇ ಮೆತ್ತಿಕೊಳ್ಳುತ್ತಿತ್ತು. ಕವರ್‌ನಲ್ಲಿ ಮಾತ್ರ ಅವನಿಗೆ ತೋಳು, ಬೆವರು, ಹಿಂದೆ ಹೊಗೆ! ಇದು ಮೋಸ ಅಲ್ವಾ ಅಂತ ಕೇಳುವವರು ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ. ಈಗ ಗೇಮ್ ಆಡಿ ನೋಡಿ: ಆ ನಾಲ್ಕು ಚುಕ್ಕಿಯ ತಲೆಯಲ್ಲಿ ಕವರ್‌ನ ಮುಖವೇ ಕಾಣುತ್ತೆ. ಅರ್ಧ ಗೇಮ್ ಪರದೆಯಲ್ಲಿದ್ದರೆ ಇನ್ನರ್ಧ ಆ ಕಾಗದದಲ್ಲಿತ್ತು.

ಇನ್ನು ಕೈಚಳಕ ಗಮನಿಸಿ. ಬಾಬ್ ವೇಕ್ಲಿನ್ ಅವರಿಂದ ಶುರು ಮಾಡಿ. ಮ್ಯಾಂಚೆಸ್ಟರ್‌ನ ಓಷನ್ ಗೇಮ್ ಕಂಪನಿಗೆ ಕವರ್ ಬರೆದವರು, ಏರ್‌ಬ್ರಷ್‌ನಲ್ಲಿ ಪಳಗಿದ ಕೈ. 1987ರ ‘ವಿಜ್‌ಬಾಲ್’, ‘ಹೆಡ್ ಓವರ್ ಹೀಲ್ಸ್’ ಎರಡನ್ನೂ ನೋಡಿ. ಏರ್‌ಬ್ರಷ್ ಅಂದರೆ ಗಾಳಿಯಲ್ಲಿ ಬಣ್ಣ ಚಿಮುಕಿಸುವುದು, ಹಾಗಾಗಿ ಒಂದು ಬಣ್ಣ ಇನ್ನೊಂದಕ್ಕೆ ಕರಗಿದ ಹಾಗೆ ಇಳಿಯುತ್ತೆ. ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಇದ್ದರೆ ಅಲ್ಲಿ ಬಣ್ಣ ಆಚೆ ತಾಗದ ಹಾಗೆ ಏನೋ ಅಂಟಿಸಿ ಮರೆ ಮಾಡಿದ್ದಾರೆ ಅಂತ ಲೆಕ್ಕ. ಲೋಹದ ಹೊಳಪು ಇರುವ ಕಡೆ ಇದು ಚೆನ್ನಾಗಿ ಗೊತ್ತಾಗುತ್ತೆ.

ಅಳತೆಯನ್ನೂ ಮರೆಯಬೇಡಿ. ಕ್ಯಾಸೆಟ್ ಕವರ್ ಅಂಗೈ ಅಗಲ ಅಷ್ಟೇ, ಹಾಗಾಗಿ ಅದರಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಆಕೃತಿ, ಒಂದು ದೊಡ್ಡ ಹೆಸರು. ರಾಕ್ ಆಲ್ಬಮ್ ಕವರ್‌ಗಳಿಗೆ ಹೆಸರಾದ ರೋಜರ್ ಡೀನ್ ಸೈಗ್ನೋಸಿಸ್ ಕಂಪನಿಯ ದೊಡ್ಡ ಡಬ್ಬದ ಗೇಮ್‌ಗಳಿಗೆ ಬರೆದ ಚಿತ್ರಗಳನ್ನು (1989ರ ‘ಶ್ಯಾಡೋ ಆಫ್ ದಿ ಬೀಸ್ಟ್’ ಒಂದು) ಇದರ ಪಕ್ಕ ಇಟ್ಟು ನೋಡಿ. ದೊಡ್ಡ ಡಬ್ಬ ಸಿಕ್ಕರೆ ಚಿತ್ರಗಾರ ಹೇಗೆ ಕಾಲು ಚಾಚುತ್ತಾನೆ ಅಂತ ತಿಳಿಯುತ್ತೆ.

ಒರಟು ಕವರ್‌ಗಳನ್ನೂ ಬಿಡಬೇಡಿ. ರಿಚರ್ಡ್ ಗ್ಯಾರಿಯಟ್ ತಮ್ಮ ‘ಅಕಲಬೆತ್’ ಗೇಮನ್ನು ಮೊದಲು ಮಾರಿದ್ದು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಅದರ ಕವರ್ ಬರೆದವರು ಅವರ ಅಮ್ಮ.

ಕೊನೆಗೆ ಹಿಂಬದಿ ತಿರುಗಿಸಿ. ಅಲ್ಲಿನ ಪುಟ್ಟ ಫೋಟೊಗಳು ಎಷ್ಟೋ ಸಲ ಬೇರೆ ಕಂಪ್ಯೂಟರ್‌ನವು, ಅದನ್ನು ಸಣ್ಣಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿ ಬರೆದಿರುತ್ತಾರೆ. ಮೋಸ ಅನ್ನೋದಾದರೆ ಅದನ್ನು ಅನ್ನಿ.