ಕವಡೆ ಉರುಳುವ ಮೊದಲು

ಮನೆಮಂದಿ ಕೂತು ಆಡುವ ಆಟ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ‘ನಮ್ಮನೇಲಿ ಹಂಗಲ್ಲ’ ಅನ್ನುವ ಮಾತಿನಿಂದ. ಅತ್ತೆ ತವರಿನ ಚೌಕಾಬಾರವೇ ಬೇರೆ, ಸೊಸೆ ತವರಿನದ್ದೇ ಬೇರೆ. ಹಾಗಾಗಿ ಶನಿವಾರ ರಾತ್ರಿ ಊಟವಾಗಿ ಜಮಖಾನ ಹಾಸಿದ ಮೇಲೆ ನಮ್ಮಲ್ಲಿ ಮೊದಲ 5 ನಿಮಿಷ ನಿಯಮಕ್ಕೇ ಮೀಸಲು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ಗೋಡೆಗೆ ಸಿಕ್ಕಿಸಿಬಿಡುತ್ತೇವೆ. ಹಾಳೆಯಲ್ಲಿ ಇಲ್ಲದ್ದು ಆಟದ ನಡುವೆ ಎದ್ದರೆ, ಆ ಹೊತ್ತಿಗೆ ಕಾಯಿ ಯಾರದ್ದೋ ಅವರ ಪರವಾಗಿ ತೀರ್ಮಾನ. ಮುಂದಿನ ವಾರಕ್ಕೆ ಅದೂ ಹಾಳೆಗೆ ಸೇರುತ್ತದೆ.

ಮಕ್ಕಳು, ಅಜ್ಜಿ, ನಡುವಯಸ್ಸಿನವರು ಎಲ್ಲರೂ ಇರುವ ಮನೆಗೆ ಚೌಕಾಬಾರದಷ್ಟು ಹೊಂದುವ ಆಟ ಇನ್ನೊಂದಿಲ್ಲ ಅನ್ನುವುದು ನನ್ನ ಪಕ್ಷಪಾತ. ಕಟ್ಟೆಮನೆ ಅಂತಲೂ ಕರೆಯುತ್ತಾರೆ. 5 ಸಾಲು, 5 ಕಂಬಸಾಲು, ಒಟ್ಟು 25 ಮನೆ. ನಾಲ್ಕೂ ಬದಿಯ ನಡುವಿನ ಮನೆಗೆ, ಆಮೇಲೆ ಒಟ್ಟು ಚೌಕದ ನಟ್ಟನಡುವಿನ ಮನೆಗೆ ಅಡ್ಡಗೆರೆ ಎಳೆದರೆ ಆ ಐದು ಕಟ್ಟೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ, ಅಂದರೆ ಅದೇ ಮನೆಗೆ ಬಂದು ಹೊಡೆದು ವಾಪಸ್ ಕಳಿಸುವಂತಿಲ್ಲ. ಮನೆ ಒಂದೊಂದೂ 3 ಅಂಗುಲ ಇರಲಿ, ಅಂದರೆ ಇಡೀ ಪಟ 15 ಅಂಗುಲ. ಇದಕ್ಕಿಂತ ಚಿಕ್ಕದಾದರೆ ಒಂದು ಕಟ್ಟೆಯಲ್ಲಿ ಮೂವರ ಕಾಯಿ ಸೇರಿದಾಗ ಪಕ್ಕದ ಮನೆಗೆ ಜಾರುತ್ತವೆ, ‘ಅದು ಇಲ್ಲಿತ್ತು, ಅಲ್ಲಿತ್ತು’ ಶುರುವಾಗುತ್ತದೆ. ಸಿಮೆಂಟ್ ನೆಲವಿದ್ದರೆ ಸೀಮೆಸುಣ್ಣ ಸಾಕು. ಟೈಲ್ಸ್ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ, ಅದಕ್ಕೆ ದಪ್ಪ ಕಾಟನ್ ಬಟ್ಟೆಯ ಮೇಲೆ ಅಳಿಸದ ಮಾರ್ಕರಿನಲ್ಲಿ ಗೆರೆ ಎಳೆದು ಸುರುಳಿ ಸುತ್ತಿಡುವುದು ಒಳ್ಳೆಯದು. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿದವರಿಗೆ ಗೊತ್ತು, ಈ ಗೆರೆಗಳಿಗೆ ಅಂಗಡಿಯ ಡಬ್ಬಿ ಎಂದೂ ಬೇಕಿರಲಿಲ್ಲ.

ಒಬ್ಬೊಬ್ಬರಿಗೆ 4 ಕಾಯಿ. ಬಣ್ಣದಿಂದ ಗುರುತಿಸುವುದಕ್ಕಿಂತ ಆಕಾರದಿಂದ ಗುರುತಿಸುವ ಕಾಯಿ ಇಡಿ: ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಹುಣಸೆ ಬೀಜ, ಒಬ್ಬರಿಗೆ ಪೊರಕೆ ಕಡ್ಡಿಯ ತುಂಡು, ಒಬ್ಬರಿಗೆ ಅಂಗಿ ಗುಂಡಿ. ಟ್ಯೂಬ್‌ಲೈಟ್ ಬೆಳಕಲ್ಲಿ ಕಣ್ಣು ಮಂಜಾದವರಿಗೆ ಹಸಿರು ಯಾವುದು ನೀಲಿ ಯಾವುದು ಗೊತ್ತಾಗುವುದಿಲ್ಲ, ಕಡ್ಡಿ ಯಾವುದು ಗುಂಡಿ ಯಾವುದು ಗೊತ್ತಾಗುತ್ತದೆ. 3 ವರ್ಷದೊಳಗಿನ ಮಗು ಸುತ್ತಮುತ್ತ ಓಡಾಡುತ್ತಿದ್ದರೆ ಬೀಜ, ಬಳೆ ಚೂರು, ಗುಂಡಿ ಮೂರೂ ಬೇಡ. ಬಾಯಿಗೆ ಹಾಕಿಕೊಂಡೀತು. ಬೇರೆ ಬೇರೆ ಡಬ್ಬಿಗಳ ದೊಡ್ಡ ಮುಚ್ಚಳ ತೆಗೆದುಕೊಳ್ಳಿ.

ಕವಡೆ 4. ಬಾಯಿ ಮೇಲಾಗಿ ಬಿದ್ದವನ್ನು ಎಣಿಸುವುದು: ಒಂದು, ಎರಡು, ಮೂರು, ನಾಲ್ಕೂ ಬಾಯಿ ಮೇಲಾದರೆ ಚೌಕ, 4 ಮನೆ, ನಾಲ್ಕೂ ಬೋರಲು ಬಿದ್ದರೆ ಬಾರ, 8 ಮನೆ. ಚೌಕಕ್ಕೂ ಬಾರಕ್ಕೂ ಮತ್ತೊಂದು ಗರ, ಅಂದರೆ ಇನ್ನೊಂದು ಎಸೆತ. ಹೊಸ ಕವಡೆ ತಂದಾಗ ಒಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು. ನಾಲ್ಕನ್ನೂ 50 ಸಲ ಎಸೆದು, ಒಟ್ಟು 200 ಬೀಳಿನಲ್ಲಿ ಬಾಯಿ ಮೇಲಾದದ್ದು ಎಷ್ಟು ಅಂತ ಎಣಿಸಿ. 80ರಿಂದ 120ರ ಒಳಗಿದ್ದರೆ ಪರವಾಗಿಲ್ಲ. ಕವಡೆ ಸಮವಾಗಿ ಬೀಳುವುದಾದರೆ ಚೌಕ 16 ಎಸೆತಕ್ಕೆ ಒಂದು, ಬಾರವೂ 16ಕ್ಕೆ ಒಂದು. ಬಾಯಿ ಮೇಲಾಗುವುದು ನೂರಕ್ಕೆ 60 ಆಗಿಬಿಟ್ಟರೆ ಚೌಕ ಸುಮಾರು 8ಕ್ಕೆ ಒಂದಾಗುತ್ತದೆ, ಬಾರ 39ಕ್ಕೆ ಒಂದು! ಬಾರಕ್ಕೆ ಕಾಯುತ್ತಾ ಕೂರುವವರು ಬೆಳಗಿನವರೆಗೂ ಕೂತಿರುತ್ತಾರೆ. ನೂರಕ್ಕೆ 40 ಆದರೆ ಇದರ ತದ್ವಿರುದ್ಧ, ಬಾರದ ಮೇಲೆ ಬಾರ ಬಿದ್ದು ಆಟಕ್ಕೆ ರುಚಿಯೇ ಇರುವುದಿಲ್ಲ. ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನು ಒಂದು ಮುಖ ಬೆಳ್ಳಗಾಗುವವರೆಗೆ ಒರಟು ಕಲ್ಲಿನ ಮೇಲೆ ಉಜ್ಜಿ, ಬಿಳಿ ಮುಖವನ್ನು ಬಾಯಿ ಅಂತ ಇಟ್ಟುಕೊಳ್ಳಿ. ನಾಲ್ಕು ಬೀಜವೂ ಒಂದೇ ಗಾತ್ರದವಾಗಿರಲಿ, ಉಜ್ಜಿದ್ದೂ ಒಂದೇ ಹದಕ್ಕಿರಲಿ. ಬೀಜಕ್ಕೂ ಅದೇ 50 ಸಲದ ಪರೀಕ್ಷೆ.

ಕವಡೆಯನ್ನು ಎರಡು ಅಂಗೈ ನಡುವೆ ಕುಲುಕಿ ಎಸೆಯಬೇಕು, ಬೆರಳ ತುದಿಯಿಂದ ಜಾರಿಸುವಂತಿಲ್ಲ. ಜಮಖಾನದ ಆಚೆ ಹೋದದ್ದು, ಕಾಯಿಗೋ ಮೊಣಕಾಲಿಗೋ ಒರಗಿ ಓರೆಯಾಗಿ ನಿಂತದ್ದು ಒಂದೇ ಆದರೂ ನಾಲ್ಕನ್ನೂ ಮತ್ತೆ ಎಸೆಯಬೇಕು. ಒಂದನ್ನೇ ಎತ್ತಿ ಎಸೆಯಲು ಬಿಟ್ಟರೆ ಚೌಕಕ್ಕೆ ಬೇಕಾದ ಒಂದು ಕವಡೆ ಪ್ರತಿ ಸಲ ಜಮಖಾನದಾಚೆಗೇ ಉರುಳುತ್ತದೆ.

ಕಾಯಿಯ ದಾರಿ ಹೀಗೆ. ನಿಮ್ಮ ಎದುರಿನ ಕಟ್ಟೆಯಿಂದ ಬಲಗೈ ಕಡೆಗೆ ಹೊರಡಬೇಕು. ಹೊರಸುತ್ತಿನ ಮನೆಗಳನ್ನೆಲ್ಲ ಬಳಸಿ 15 ಹೆಜ್ಜೆ ಇಟ್ಟರೆ ನಿಮ್ಮ ಕಟ್ಟೆಯ ಎಡಗಡೆ ಮನೆಗೆ ಬರುತ್ತೀರಿ. ಅಲ್ಲಿಂದ ಒಳಕ್ಕೆ ತಿರುಗಬೇಕು. ಒಳಗೆ 8 ಮನೆ, ಆದರೆ ಸುತ್ತುವ ದಿಕ್ಕು ಉಲ್ಟಾ. 24ನೇ ಹೆಜ್ಜೆಗೆ ನಡುಮನೆ, ಕಾಯಿ ಹಣ್ಣಾಯಿತು. ಮಕ್ಕಳು ತಪ್ಪುವುದು ಇದೇ ತಿರುವಿನಲ್ಲಿ. ಹೊರಗೆ ಹೋದ ದಿಕ್ಕಿನಲ್ಲೇ ಒಳಗೂ ಹೋಗಿಬಿಡುತ್ತಾರೆ, ಆಗ ಒಂದೇ ಹೆಜ್ಜೆಯಲ್ಲಿ ಏಳು ಹೆಜ್ಜೆ ದಾಟಿದಂತೆ. ಒಳಗಿನ ನಾಲ್ಕು ಮೂಲೆಯಲ್ಲೂ ಸಣ್ಣ ಬಾಣದ ಗುರುತು ಬರೆದರೆ ಈ ತಪ್ಪು ನಿಲ್ಲುತ್ತದೆ.

ಹಾಳೆಗೆ ಬರೆಯುವ ನಿಯಮಗಳಲ್ಲಿ ಮುಖ್ಯವಾದದ್ದು ಕಾಯಿ ಇಳಿಸುವುದು. ಚೌಕವೋ ಬಾರವೋ ಬೀಳುವವರೆಗೆ ಕಾಯಿ ಇಳಿಸಬಾರದು ಅನ್ನುವ ಮನೆಗಳಿವೆ. ಎರಡರಲ್ಲಿ ಒಂದು ಬೀಳುವುದು 8 ಎಸೆತಕ್ಕೆ ಒಮ್ಮೆ. 8 ಸರದಿ ಕಳೆದರೂ ಒಂದೂ ಬೀಳದೆ ಕೂರುವ ಪಾಡು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಆರು ವರ್ಷದ ಮಗು ಅಷ್ಟು ಹೊತ್ತು ಕೂರುವುದಿಲ್ಲ, ಎದ್ದು ಟಿವಿ ಹಾಕುತ್ತದೆ. ನಾವು ನಾಲ್ಕೂ ಕಾಯಿಯನ್ನು ಮೊದಲೇ ಕಟ್ಟೆಯಲ್ಲಿಟ್ಟು ಯಾವ ಗರಕ್ಕಾದರೂ ನಡೆಸುತ್ತೇವೆ. ಕಡಿದ ಕಾಯಿ ಮತ್ತೆ ತನ್ನ ಕಟ್ಟೆಗೆ. ಕಡಿದವರಿಗೆ ಇನ್ನೊಂದು ಗರ. ಒಬ್ಬರನ್ನಾದರೂ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ, ಕಡಿಯುವವರೆಗೆ ಹೊರಸುತ್ತಿನಲ್ಲೇ ಸುತ್ತುತ್ತಿರಬೇಕು. ಈ ನಿಯಮವನ್ನು ಮಾತ್ರ ಕೈಬಿಡಬೇಡಿ. ಬಿಟ್ಟರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹಾರುತ್ತಾ ಬರೀ ಓಟದ ಆಟವಾಗುತ್ತದೆ. ಸಾಲಾಗಿ ಮೂರು ಸಲ ಚೌಕ ಅಥವಾ ಬಾರ ಬಿದ್ದರೆ ಮೂರೂ ಸುಟ್ಟುಹೋಗುತ್ತವೆ. ಹಣ್ಣಾಗಲು ಲೆಕ್ಕ ಸರಿಯಾಗಿ ಬೀಳಬೇಕು, ಹೆಚ್ಚಾದರೆ ಆ ಕಾಯಿ ನಡೆಯುವುದಿಲ್ಲ.

ಇನ್ನು ಗಟ್ಟಿ. ಒಳಸುತ್ತಿನಲ್ಲಿ ಒಬ್ಬರದ್ದೇ ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಗಟ್ಟಿ. ಅದನ್ನು ಗಟ್ಟಿಯೇ ಕಡಿಯಬೇಕು, ಒಂಟಿ ಕಾಯಿಗೆ ಆಗದು. ಗಟ್ಟಿ ನಡೆಸಲು ಸಮ ಗರ ಬೇಕು: 2 ಬಿದ್ದರೆ 1 ಮನೆ, ಚೌಕಕ್ಕೆ 2, ಬಾರಕ್ಕೆ 4. ಹೊಸಬರು ಗಟ್ಟಿ ಕಟ್ಟಿ ಖುಷಿಪಡುತ್ತಾರೆ, ಆಮೇಲೆ ಒಂದು, ಮೂರು ಬೀಳುತ್ತಾ ಹೋದಂತೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎಸೆತದಲ್ಲಿ ಅರ್ಧದಷ್ಟು ಬೆಸವೇ ಬೀಳುವುದು. ಹಿಂದೆ ಎದುರಾಳಿಯ ಒಂಟಿ ಕಾಯಿ ಅಟ್ಟಿಸಿಕೊಂಡು ಬರುತ್ತಿದ್ದರೆ ಕಟ್ಟಿ, ಇಲ್ಲದಿದ್ದರೆ ಬೇಡ. ಮಕ್ಕಳು ಹೆಚ್ಚಿರುವ ದಿನ ನಾವು ಗಟ್ಟಿ ನಿಯಮ ಬಿಟ್ಟೇಬಿಡುತ್ತೇವೆ.

ಹೊತ್ತಿನ ಲೆಕ್ಕ ಹಾಕಿಕೊಳ್ಳುವುದು ಸುಲಭ. 4 ಕಾಯಿಗೆ 24ರಂತೆ 96 ಹೆಜ್ಜೆ. ಹೆಚ್ಚುವರಿ ಗರವೂ ಸೇರಿ ಒಂದು ಸರದಿಗೆ ಸರಾಸರಿ 3 ಹೆಜ್ಜೆಗಿಂತ ತುಸು ಕಡಿಮೆ. ಅಂದರೆ ಒಬ್ಬರಿಗೆ ಹತ್ತಿರಹತ್ತಿರ 34 ಸರದಿ, ನಾಲ್ವರಿಗೆ 136. ಸರದಿಗೆ 15 ಸೆಕೆಂಡ್ ಹಿಡಿದರೂ ಅರ್ಧ ಗಂಟೆ ದಾಟಿತು. ಕಡಿದು ಮನೆಗೆ ಕಳಿಸುವುದು ಸೇರಿದರೆ ಒಂದು ಗಂಟೆ. ಮಕ್ಕಳ ಮಲಗುವ ಹೊತ್ತು ಹತ್ತಿರವಿದ್ದರೆ ಒಬ್ಬರಿಗೆ 2 ಕಾಯಿ ಸಾಕು. ಐದಾರು ಜನ ಇದ್ದರೆ ಒಂದು ಬದಿಗೆ ಇಬ್ಬರಂತೆ ಜೋಡಿ ಮಾಡಿ, ಒಬ್ಬರು ಕವಡೆ ಎಸೆಯಲಿ, ಒಬ್ಬರು ಕಾಯಿ ನಡೆಸಲಿ. ಅಜ್ಜಿ ಮೊಮ್ಮಗಳ ಜೋಡಿಗೆ ಇದು ಹೇಳಿ ಮಾಡಿಸಿದ್ದು. ಅಜ್ಜಿ ಬಗ್ಗಬೇಕಿಲ್ಲ, ಮೊಮ್ಮಗಳಿಗೆ ಎಣಿಸಲು ಬರುತ್ತದೆ.

ಸರದಿ ಸಿಗದೆ ಉಳಿದ ಇಬ್ಬರಿಗೆ ಪಕ್ಕದಲ್ಲೇ ಅಳಗುಳಿ ಮಣೆ ಇಡಬಹುದು. 14 ಗುಳಿ, ಗುಳಿಗೆ 5ರಂತೆ 70 ಬೀಜ. ಒಂದೇ ಎಚ್ಚರಿಕೆ: ಆಟ ಶುರುವಾಗುವ ಮೊದಲು 70 ಎಣಿಸಿಕೊಳ್ಳಿ, ಒಂದು ಜಮಖಾನದಡಿ ಸೇರಿದ್ದರೂ ಕೊನೆಯ ಲೆಕ್ಕದಲ್ಲಿ ಗಲಾಟೆ. ಕರಾವಳಿಯಲ್ಲಿ ಇದೇ ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಅಟ್ಟದಿಂದ ಕೆಳಗಿಳಿಯುವಂಥದ್ದು.

ಮಕ್ಕಳು ಮಲಗಿದ ಮೇಲೆ ಇಸ್ಪೀಟು. ನಾಲ್ವರು ದೊಡ್ಡವರಿದ್ದರೆ ‘ಇಪ್ಪತ್ತೆಂಟು’ ಅನ್ನುವ ಆಟ. ಕಟ್ಟಿನಿಂದ 2ರಿಂದ 6ರವರೆಗಿನ 20 ಎಲೆ ತೆಗೆದಿಟ್ಟರೆ 32 ಉಳಿಯುತ್ತವೆ. ಎದುರುಬದುರು ಕೂತವರು ಜೋಡಿ. ಇದರಲ್ಲಿ ಎಲೆಯ ತೂಕ ಬೇರೆ ಆಟದ ಹಾಗಿಲ್ಲ: ಎಲ್ಲಕ್ಕಿಂತ ಮೇಲೆ ಗುಲಾಮ, ಆಮೇಲೆ 9, ಎಕ್ಕ, 10, ರಾಜ, ರಾಣಿ, 8, 7. ಅಂಕ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1, ಉಳಿದವಕ್ಕೆ ಸೊನ್ನೆ. ಒಂದು ಜಾತಿಗೆ 7, ನಾಲ್ಕು ಜಾತಿಗೆ 28. ರಮ್ಮಿ ಆಡಿ ರೂಢಿಯಾದವರು ಮೊದಲ ಅರ್ಧ ಗಂಟೆ ರಾಜನನ್ನು ಬಿಟ್ಟು ಒಂಬತ್ತರ ಕೈಯಲ್ಲಿ ಸೋಲುತ್ತಲೇ ಇರುತ್ತಾರೆ. ಒಬ್ಬೊಬ್ಬರ ಮುಂದೆಯೂ ಈ ಸಾಲನ್ನು ಚೀಟಿಯಲ್ಲಿ ಬರೆದಿಡಿ, ಮೊದಲ ಎರಡು ಆಟವನ್ನು ಎಲೆ ತೆರೆದಿಟ್ಟುಕೊಂಡೇ ಆಡಿ.

ಮೊದಲು ಒಬ್ಬೊಬ್ಬರಿಗೆ 4 ಎಲೆ. ಅದನ್ನು ನೋಡಿ ಎಷ್ಟು ಅಂಕ ಗೆಲ್ಲುತ್ತೇವೆ ಅಂತ ಕೂಗಬೇಕು, ಕನಿಷ್ಠ 14. ಹೆಚ್ಚು ಕೂಗಿದವರು ಕೈಯ ಒಂದು ಎಲೆಯನ್ನು ಬೋರಲು ಇಡುತ್ತಾರೆ. ಅದರ ಜಾತಿಯೇ ತುರುಫು, ಅಂದರೆ ಉಳಿದ ಜಾತಿಗಳನ್ನೆಲ್ಲ ಸೋಲಿಸುವ ಜಾತಿ, ಆದರೆ ಬೇರೆ ಯಾರಿಗೂ ಗೊತ್ತಿಲ್ಲ. ಆಮೇಲೆ ಉಳಿದ 4 ಎಲೆ. ಇಳಿದ ಜಾತಿ ಕೈಯಲ್ಲಿಲ್ಲದವರು ‘ತುರುಫು ತೆಗೀರಿ’ ಅನ್ನುವವರೆಗೆ ಅದು ಮುಚ್ಚಿಯೇ ಇರುತ್ತದೆ, ಅಲ್ಲಿಯವರೆಗೆ ಆ ಜಾತಿಗೆ ವಿಶೇಷ ಬಲವೂ ಇಲ್ಲ. ಕೂಗಿಗೆ ನಾವು ಹಿಡಿದಿರುವ ಅಂದಾಜು: ಒಂದೇ ಜಾತಿಯ ಗುಲಾಮ, ಒಂಬತ್ತು, ಜೊತೆಗೆ ಅದೇ ಜಾತಿಯ ಇನ್ನೊಂದು ಎಲೆ ಇದ್ದರೆ 16ರವರೆಗೆ ಧೈರ್ಯವಾಗಿ ಹೋಗಬಹುದು. ಬೇರೆ ಬೇರೆ ಜಾತಿಯ ಎರಡು ಗುಲಾಮ ಕಂಡು 18 ಕೂಗುವವರು ಜೋಡಿಯವರ ಬೈಗುಳಕ್ಕೆ ಸಿದ್ಧರಾಗಿರಬೇಕು. ಪ್ರತಿ ಆಟದ ಕೊನೆಗೆ ಎರಡೂ ಕಡೆಯ ಅಂಕ ಕೂಡಿಸಿ. 28 ಬರದಿದ್ದರೆ ಯಾರೋ ಎಣಿಕೆ ತಪ್ಪಿದ್ದಾರೆ, ಇಲ್ಲವೇ ಒಂದು ಎಲೆ ತೆಗೆದಿಟ್ಟ ಇಪ್ಪತ್ತರೊಳಗೆ ಸೇರಿಹೋಗಿದೆ. ಕೈಯಲ್ಲಿ ಜಾತಿ ಇದ್ದೂ ಬೇರೆ ಹಾಕಿದ್ದು ಸಿಕ್ಕಿಬಿದ್ದರೆ ಆ ಆಟವೇ ಎದುರಿನವರಿಗೆ. ನಾವು 20ರ ಕೆಳಗಿನ ಕೂಗು ಗೆದ್ದರೆ 1, ಸೋತರೆ 2 ಕಳೆಯುತ್ತೇವೆ. 20 ಮತ್ತು ಮೇಲಿನದ್ದಕ್ಕೆ 2, 3. ಮೊದಲು 6 ಮುಟ್ಟಿದ ಜೋಡಿಗೆ ಗೆಲುವು. ದುಡ್ಡು ಇಡುವುದಿಲ್ಲ, ಪಾತ್ರೆ ತೊಳೆಯುವ ಪಾಳಿ ಇಡುತ್ತೇವೆ.

ಆರೇಳು ಜನ ಸೇರಿದರೆ ‘ಕತ್ತೆ’ ಆಟ. 52 ಎಲೆಯನ್ನೂ ಹಂಚಿ, ಒಬ್ಬರಿಗೆ ಒಂದು ಹೆಚ್ಚು ಬಂದರೂ ಚಿಂತೆಯಿಲ್ಲ. ಇಸ್ಪೀಟ್ ಜಾತಿಯ (ಸ್ಪೇಡ್) ಎಕ್ಕ ಇದ್ದವರು ಶುರು ಮಾಡಬೇಕು. ಎಲ್ಲರೂ ಅದೇ ಜಾತಿ ಹಾಕಿದರೆ ಆ ರಾಶಿ ಆಚೆಗೆ, ದೊಡ್ಡ ಎಲೆ ಹಾಕಿದವರು ಮುಂದಿನ ಸುತ್ತಿಗೆ ಮೊದಲ ಎಲೆ ಬಿಡಬೇಕು. ಯಾರೋ ಜಾತಿ ಇಲ್ಲದೆ ಬೇರೆ ಹಾಕಿ ಕಡಿದರೆ ಅಲ್ಲಿಗೇ ನಿಲ್ಲಿಸಿ, ಆ ಜಾತಿಯಲ್ಲಿ ದೊಡ್ಡದು ಹಾಕಿದವರು ರಾಶಿಯೆಲ್ಲ ಎತ್ತಿಕೊಳ್ಳಬೇಕು. ಮೊದಲ ಸುತ್ತಿಗೆ ಮಾತ್ರ ಕಡಿತ ಇಲ್ಲ. ಕೊನೆಗೆ ಎಲೆ ಉಳಿದವರು ಕತ್ತೆ. ಕೊನೆಯ ಎಲೆಯಿಂದಲೇ ಸುತ್ತು ಗೆದ್ದು ಕೈ ಖಾಲಿಯಾದವರು ಮುಂದೆ ಏನು ಬಿಡಬೇಕು ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ನಮ್ಮ ಹಾಳೆಯ ಪ್ರಕಾರ ಅವರು ಪಾರು, ಪಕ್ಕದವರು ಬಿಡುತ್ತಾರೆ. ದೊಡ್ಡ ಎಲೆಗಳನ್ನು ಮೊದಮೊದಲೇ ಖಾಲಿ ಮಾಡಿಬಿಡಿ, ಎಲ್ಲರ ಕೈಯಲ್ಲೂ ಜಾತಿ ಇರುವಾಗಲೇ ಅವು ಸುರಕ್ಷಿತ.

ಅಂಗಡಿಯ ಊನೊ ಎಲೆಯಾಟ ತಂದಿಟ್ಟ ಮನೆಗಳಲ್ಲಿ, ಮುಂದಿನವರಿಗೆ ನಾಲ್ಕು ಎಲೆ ಎತ್ತಿಸುವ ಪ್ಲಸ್ ನಾಲ್ಕರ ಮೇಲೆ ಪ್ಲಸ್ ನಾಲ್ಕು ಪೇರಿಸುವುದೇ ದೊಡ್ಡ ತಕರಾರು. ಕಂಪನಿಯ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ: ಬಿದ್ದವರು ನಾಲ್ಕು ಎತ್ತಿ ಸರದಿ ಬಿಡಬೇಕು. ಪೇರಿಸುವುದು ಮಜಾ ಅನ್ನಿಸಿದರೆ ಹಾಗೇ ಆಡಿ, ಹಾಳೆಯಲ್ಲಿ ಮಾತ್ರ ಬರೆದಿರಲಿ.

ಎಲೆ ಹಿಡಿಯಲು ಬೆರಳು ಬಾರದವರಿಗೆ ಹೊಸ ಬಟ್ಟೆ ಉಜ್ಜುವ ಬ್ರಷ್ ಒಂದನ್ನು ಅಂಗಾತ ಇಟ್ಟುಕೊಡಿ. ಎಲೆಗಳನ್ನು ಕೂದಲಿನ ನಡುವೆ ಸಿಕ್ಕಿಸಿದರೆ ನೆಟ್ಟಗೆ ನಿಲ್ಲುತ್ತವೆ, 8 ಎಲೆಗೆ ಒಂದು ಬ್ರಷ್ ಸಾಕು. ಆಟದ ಮಧ್ಯೆ ಚಕ್ಕುಲಿ, ಬೋಂಡ ಬೇಡ. ಎಣ್ಣೆ ಕೈಯ ಎಲೆ ಎರಡೆರಡು ಅಂಟಿಕೊಂಡು ಹಂಚುವಾಗಲೇ ಲೆಕ್ಕ ತಪ್ಪುತ್ತದೆ. ಪುರಿ, ಹುರಿಗಡಲೆ ಆದೀತು. ಪ್ಲಾಸ್ಟಿಕ್ ಎಲೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಒಂದು ಎಲೆ ಕಳೆದುಹೋದರೆ ಜೋಕರಿನ ಮೇಲೆ ಅದರ ಹೆಸರು ಬರೆದು ಸೇರಿಸಿಕೊಳ್ಳಿ. ಎದ್ದೇಳುವ ಮೊದಲು 4 ಕವಡೆ, 16 ಕಾಯಿ, 32 ಎಲೆ ಎಣಿಸಿ ಡಬ್ಬಿಗೆ ಹಾಕಿ. ತೆಗೆದಿಟ್ಟ 20 ಎಲೆಗೆ ರಬ್ಬರ್ ಬ್ಯಾಂಡ್ ಹಾಕಿ ಅದೇ ಡಬ್ಬಿಯಲ್ಲಿಡಿ, ಮುಂದಿನ ವಾರ ಕತ್ತೆಗೆ ಬೇಕಾಗುತ್ತವೆ.