ಜೊಂಡು ಕಿತ್ತ ಭಾನುವಾರ

ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಗೆ ಅಕ್ಕಪಕ್ಕದವರೇ ಸೇರಿ ಮಾಡಿಕೊಂಡ ಒಂದು ಟ್ರಸ್ಟ್ ಇದೆ. ನಾನು ಅದರಲ್ಲಿ ಸ್ವಯಂಸೇವಕನಾಗಿ 6 ವರ್ಷವಾಯಿತು. ಭಾನುವಾರ ಬೆಳಿಗ್ಗೆ 7ಕ್ಕೆ ಸೇರುತ್ತೇವೆ, 9ಕ್ಕೆ ಕೈಕಾಲು ತೊಳೆದು ಹೊರಡುತ್ತೇವೆ.

ಮೊದಲ ವರ್ಷ ನನಗೆ ಆತುರ ಜಾಸ್ತಿ. ಜುಲೈನ ಒಂದು ಭಾನುವಾರ 30 ಜನ ಬಂದಿದ್ದರು. ಇಷ್ಟು ಜನ ಇದ್ದಾರಲ್ಲ ಎಂದು ದಂಡೆಯ ಜೊಂಡನ್ನೆಲ್ಲ ಕೀಳಿಸಿಬಿಟ್ಟೆ. ಕೆರೆ ಥಳಥಳ ಹೊಳೆಯುತ್ತಿತ್ತು. ಹೊನಗೊನ್ನೆ ಸೊಪ್ಪು ಕೊಯ್ಯಲು ಬರುವ ಅಜ್ಜಿ ಜೊಂಡಿನ ರಾಶಿಯ ಹತ್ತಿರ ನಿಂತು ಕರೆದರು. "ಬಾರಪ್ಪಾ ಇಲ್ಲಿ, ನೋಡು." ಕಿತ್ತ ಜೊಂಡಿನ ನಡುವೆ ನೀರುಕೋಳಿಯ ಗೂಡು, ಒಡೆದ ಮೊಟ್ಟೆಗಳು. "ಮಳೆಗಾಲದಲ್ಲಿ ಇದ್ರೊಳಗೇ ಮರಿ ಮಾಡ್ತವೆ. ಒಂದು ಮಾತು ಕೇಳಬಾರ್ದಿತ್ತಾ?" ಅಂದರು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅವತ್ತಿನಿಂದ ಕೆರೆಗೆ ಕೈ ಹಾಕುವ ಮೊದಲು ಕೇಳುತ್ತೇನೆ. ಸೊಪ್ಪಿನ ಅಜ್ಜಿ, ಬಲೆ ಬೀಸುವವರು, ಹಸುಗಳಿಗೆ ಹುಲ್ಲು ಕೊಯ್ಯುವವರು, ಇವರೆಲ್ಲ ನಮ್ಮ ಫ್ಲ್ಯಾಟುಗಳು ಏಳುವ ಮೊದಲಿನಿಂದ ಈ ಕೆರೆ ಬಲ್ಲವರು. ಏರಿ ಮೇಲೆ ಮರ ನೆಡಲು ಹೊರಟಾಗ ತಡೆದವರು ಒಬ್ಬ ಮೀನುಗಾರರು. ಮರದ ಬೇರು ಮಣ್ಣಿನ ಏರಿಯೊಳಗೆ ಇಳಿದು ಮುಂದೆ ಕೊಳೆತರೆ, ಅದೇ ಜಾಗದಿಂದ ನೀರು ಜಿನುಗಲು ಶುರುವಾಗುತ್ತದೆ. ಸಸಿಗಳನ್ನು ಏರಿಯಿಂದ ದೂರಕ್ಕೆ ಒಯ್ದು ನೆಟ್ಟೆವು.

ಜಕ್ಕೂರು ಕೆರೆ ನೋಡಿ ಬಂದ ಮೇಲಂತೂ ಜೊಂಡಿನ ಬಗ್ಗೆ ನನ್ನ ಮನಸ್ಸೇ ಬದಲಾಯಿತು. ಅಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ ಶುದ್ಧವಾದ ಮೇಲೂ ನೇರ ಕೆರೆಗೆ ಹೋಗುವುದಿಲ್ಲ. ಜೊಂಡು ಬೆಳೆದ ಜೌಗು ಹಾದು ಹೋಗುತ್ತದೆ. ನೀರಲ್ಲಿ ಉಳಿದ ಸಾರವನ್ನು ಗಿಡಗಳು ಹೀರಿಕೊಳ್ಳುತ್ತವೆ. ಈಗ ನಾವು ಜೊಂಡು ತೆಗೆಯುವುದು ಮಳೆಗಾಲ ಮುಗಿದು ಮರಿಗಳೆಲ್ಲ ಹೊರಟ ಮೇಲೆ, ಅದೂ ಒಂದೊಂದೇ ಕಡೆ.

ನೀರಿನ ಮೇಲೆ ತೇಲುವ ಅಂತರಗಂಗೆ ಕಳೆಯನ್ನು ಮಾತ್ರ ಬಿಡುವುದಿಲ್ಲ. ಒಂದು ತುಂಡು ಉಳಿದರೂ ಹಬ್ಬುತ್ತದೆ. ಕಿತ್ತು ದಂಡೆಯಲ್ಲೇ ಸುರಿದರೆ ಕೊಳೆತ ರಸ ಮತ್ತೆ ಕೆರೆಗೇ ಇಳಿಯುತ್ತದೆ. ದೂರ ಹೊತ್ತು ಗೊಬ್ಬರ ಮಾಡಬೇಕು. ಬೆನ್ನು ನೋಯುವ ಕೆಲಸ.

ಹೊಸಬರು ಬಂದರೆ ನಾನು ಕೇಳಿಕೊಳ್ಳುವುದು ಇಷ್ಟೇ: ತಿಂಗಳಿಗೆ ಒಂದೇ ಭಾನುವಾರ ಆಗಲಿ, ಬರುತ್ತೇನೆಂದ ದಿನ ಬನ್ನಿ. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡಲು ನೂರು ಜನ ಸಿಗುತ್ತಾರೆ. ಮಾರ್ಚ್‌ನ ಬಿಸಿಲಲ್ಲಿ ಬಕೆಟ್ ಹೊರಲು ನಾವು ನಾಲ್ಕೇ ಜನ. ನಮ್ಮ ಹೊಂಗೆ, ನೇರಳೆ ಉಳಿದದ್ದು ಆ ಬಕೆಟ್ ನೀರಿನಿಂದ. ನಾಲ್ವರಲ್ಲಿ ಒಬ್ಬರು ಹುಲ್ಲು ಕೊಯ್ಯುವವರು. ಇಷ್ಟು ವರ್ಷ ಅವರ ಹೆಸರು ಸ್ವಯಂಸೇವಕರ ಪಟ್ಟಿಯಲ್ಲೇ ಇರಲಿಲ್ಲ. ಈ ಸಲ ಬರೆದಿದ್ದೇವೆ.