ಎರಡು ಸೆನ್ಸರ್, ಒಂದೇ ಚೀಲ

ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಫಲಕ) ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ ಇರುವಾಗ ಸಣ್ಣ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಕೆಲವರು ಅದನ್ನೇ ತಿರುಗಿಸಿ ಕೇಳುತ್ತಾರೆ: ಹಗುರವಾದದ್ದು ಇರುವಾಗ ಭಾರದ್ದೇಕೆ? ಎರಡೂ ಪ್ರಶ್ನೆಗಳ ಹಿಂದೆ ಒಂದೇ ನಂಬಿಕೆ ಕೂತಿದೆ. ದೊಡ್ಡ ಸೆನ್ಸರ್ ಎಂದರೆ ಒಳ್ಳೆಯ ಚಿತ್ರ ಮತ್ತು ಹೆಚ್ಚು ಭಾರ, ಸಣ್ಣ ಸೆನ್ಸರ್ ಎಂದರೆ ಸುಮಾರಾದ ಚಿತ್ರ ಮತ್ತು ಕಡಿಮೆ ಭಾರ. ಎರಡನ್ನೂ ಒಂದೇ ಚೀಲದಲ್ಲಿ ಹೊತ್ತು ತಿರುಗಿದ ಮೇಲೆ ಈ ನಂಬಿಕೆಯ ಎರಡು ತುದಿಗಳೂ ನನ್ನ ಮಟ್ಟಿಗೆ ಸಡಿಲವಾಗಿವೆ.

ಒಂದು ಫುಲ್ ಫ್ರೇಮ್‌ನ ಸೋನಿ ಎ7 ಮಾರ್ಕ್ 3, 2018ರದು. ಇನ್ನೊಂದು ಮೈಕ್ರೋ ಫೋರ್ ಥರ್ಡ್ಸ್‌ನ ಒಲಿಂಪಸ್ ಇ-ಎಂ1 ಮಾರ್ಕ್ 2, 2016ರದು. ಬ್ಯಾಟರಿ, ಕಾರ್ಡ್ ಸೇರಿ ಸೋನಿಯ ತೂಕ 650 ಗ್ರಾಂ, ಒಲಿಂಪಸ್‌ನದು 574 ಗ್ರಾಂ. ವ್ಯತ್ಯಾಸ 76 ಗ್ರಾಂ ಮಾತ್ರ. ಲೆನ್ಸಿಲ್ಲದ ಬರೀ ಬಾಡಿಯನ್ನು ಎತ್ತಿ ನೋಡಿ ‘ಇದು ಹಗುರ’ ಎಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು. ಭಾರ ಇರುವುದು ಲೆನ್ಸಿನಲ್ಲಿ, ಅದೂ ಎಲ್ಲ ಲೆನ್ಸುಗಳಲ್ಲಿ ಅಲ್ಲ.

ಸೆನ್ಸರ್ ಅಳತೆಯ ಲೆಕ್ಕ ಸರಳ. ಫುಲ್ ಫ್ರೇಮ್ ಸುಮಾರು 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ 17.3×13 ಮಿ.ಮೀ., ಅಂದರೆ 225. ಒಂದು ಇನ್ನೊಂದರ 3.8 ಪಟ್ಟು. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಎನ್ನುತ್ತೇವಲ್ಲ, ಆ ಲೆಕ್ಕದಲ್ಲಿ ವ್ಯತ್ಯಾಸ ಹತ್ತಿರಹತ್ತಿರ ಎರಡು ಸ್ಟಾಪ್. ಒಲಿಂಪಸ್‌ನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800ರಲ್ಲಿ ಕಾಣುವಷ್ಟು ನಾಯ್ಸ್ (ಚಿತ್ರದಲ್ಲಿ ಹರಡುವ ಬೇಡದ ಚುಕ್ಕೆಗಳು) ಸೋನಿಯಲ್ಲಿ 3200ರ ಆಸುಪಾಸಿನಲ್ಲಿ ಕಾಣಬೇಕು.

ಕಾಣುತ್ತದೆಯೇ ಎಂದು ನೋಡಲು ರಾತ್ರಿ ಪುಸ್ತಕದ ಕಪಾಟಿನ ಎದುರು ಟ್ರೈಪಾಡ್ ನಿಲ್ಲಿಸಿದೆ. ಬೆಳಕು ಒಂದು ಮೇಜುದೀಪದ್ದು. ಸೋನಿಗೆ 50 ಮಿ.ಮೀ. ಲೆನ್ಸ್, ಒಲಿಂಪಸ್‌ಗೆ 25 ಮಿ.ಮೀ. ಲೆನ್ಸ್. ಎರಡರ ನೋಟದ ವಿಸ್ತಾರ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಎಫ್ 2.8 (ಈ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಸಣ್ಣದು), ಸೆಕೆಂಡಿನ 1/60 ಭಾಗ, ಐಎಸ್‌ಒ 3200. ಕ್ಯಾಮೆರಾ ಸಂಸ್ಕರಿಸದ ರಾ ಫೈಲ್, ಒಂದೇ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ನಾಯ್ಸ್ ಅಳಿಸುವ ಸೌಲಭ್ಯ ಪೂರ್ತಿ ಬಂದ್. ಸೋನಿಯ ಚಿತ್ರ 6000×4000 ಪಿಕ್ಸೆಲ್, ಒಲಿಂಪಸ್‌ನದು 5184×3888. ಇವನ್ನು ತೆರೆಯ ಮೇಲೆ ಪಿಕ್ಸೆಲ್‌ಗೆ ಪಿಕ್ಸೆಲ್ ಹಿಡಿದು ಹೋಲಿಸುವುದರಲ್ಲಿ ಅರ್ಥವಿಲ್ಲ. ಎರಡನ್ನೂ ಒಂದೇ ಗಾತ್ರಕ್ಕೆ ಇಳಿಸಿಯೇ ನೋಡಬೇಕು.

ಕಪಾಟಿನ ಕೆಳಗಿನ ಅರೆಯ ನೆರಳಿನಲ್ಲಿ ಕಪ್ಪು ಬಟ್ಟೆಯ ರಟ್ಟಿನ ಒಂದು ನಿಘಂಟು ಇತ್ತು. ಬೆನ್ನಿನ ಮೇಲೆ ಮಾಸಿದ ಚಿನ್ನದ ಬಣ್ಣದ ಅಕ್ಷರಗಳು. ಸೋನಿಯ ಚಿತ್ರದಲ್ಲಿ ಆ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ಒಲಿಂಪಸ್ ಚಿತ್ರದಲ್ಲಿ ನೇಯ್ಗೆ ಯಾವುದು, ನಾಯ್ಸ್ ಯಾವುದು ಎಂದು ಬೇರ್ಪಡಿಸಲಾಗಲಿಲ್ಲ. ಕಪ್ಪಿನೊಳಗೆ ನೇರಳೆ, ಹಸಿರು ಚುಕ್ಕೆಗಳು ಹರಡಿದ್ದವು. ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಸ್ಪಷ್ಟ. ಆದರೆ ನಿಘಂಟಿನ ಪಕ್ಕ, ಅರೆಯ ಹಿಂಬದಿಗೆ ಸರಿದುಹೋಗಿದ್ದ ಸಣ್ಣ ಪುಸ್ತಕವೊಂದಿತ್ತು. ಅದರ ಹೆಸರು ಒಲಿಂಪಸ್ ಚಿತ್ರದಲ್ಲಿ ಓದಲು ಬರುತ್ತಿತ್ತು, ಸೋನಿಯಲ್ಲಿ ಮಸುಕಾಗಿತ್ತು.

ಕಿಂಡಿ ಸಣ್ಣದಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುತ್ತದೆ. ಅದೂ ಓದುವಂತಾಗಲಿ ಎಂದು ಸೋನಿಯನ್ನು ಎಫ್ 5.6ಕ್ಕೆ ತಂದೆ. ಬೆಳಕು ಕಾಲುಭಾಗಕ್ಕೆ ಇಳಿಯಿತು. ಶಟರ್ ವೇಗ ಬದಲಿಸದೆ ಐಎಸ್‌ಒ 12800ಕ್ಕೆ ಏರಿಸಿದೆ. ಈಗ ಎರಡು ಚಿತ್ರಗಳನ್ನು ಹೆಸರು ಮುಚ್ಚಿಟ್ಟು ತೋರಿಸಿದರೆ ಯಾವುದು ಯಾವ ಕ್ಯಾಮೆರಾದ್ದು ಎಂದು ನಾನು ಪಂತ ಕಟ್ಟಲಾರೆ. ನಿಘಂಟಿನ ನೇಯ್ಗೆ ಎರಡರಲ್ಲೂ ಮಾಯ, ಹಿಂದಿನ ಪುಸ್ತಕದ ಹೆಸರು ಎರಡರಲ್ಲೂ ಸ್ಪಷ್ಟ. ಗುಮಾನಿಯಿಂದ ಹುಡುಕಿದರೆ ಸೋನಿಯ ನೆರಳಿನ ಬಣ್ಣ ಕೂದಲೆಳೆಯಷ್ಟು ಶುದ್ಧ. ಅದರ ಸೆನ್ಸರ್ ಬ್ಯಾಕ್ ಇಲ್ಯುಮಿನೇಟೆಡ್ ಬಗೆಯದು, ತಯಾರಿಯಲ್ಲಿ ಒಂದು ಹೆಜ್ಜೆ ಮುಂದಿನದು. ಅದು ಅಳತೆಯಿಂದ ಬಂದ ಲಾಭವಲ್ಲ.

ನನ್ನ ಎಲ್ಲ ಹೋಲಿಕೆಗಳೂ ಆ ಕಪಾಟಿನಿಂದಲೇ ಹೊರಟಿವೆ. ನಾಯ್ಸ್‌ನ ದೊಡ್ಡ ಪಾಲು ಹುಟ್ಟುವುದು ಬೆಳಕಿನಲ್ಲೇ. ಬೆಳಕಿನ ಕಣಗಳಾದ ಫೋಟಾನುಗಳು ಲೆಕ್ಕ ತಪ್ಪಿ ತಪ್ಪಿ ಬೀಳುತ್ತವೆ. ಹೆಚ್ಚು ಬಿದ್ದಷ್ಟೂ ಆ ಏರುಪೇರು ಗೌಣವಾಗುತ್ತದೆ. ನಾಲ್ಕು ಪಟ್ಟು ಬೆಳಕು ಸಿಕ್ಕಿದರೆ ಚಿತ್ರ ಎರಡು ಪಟ್ಟು ಶುದ್ಧ. ಆ ಬೆಳಕು ಒಳಬರುವುದು ಲೆನ್ಸಿನ ಕಿಂಡಿಯಿಂದ. ಫೋಕಲ್ ಲೆಂತ್ ಅನ್ನು, ಅಂದರೆ ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ವ್ಯಾಸ ಸಿಗುತ್ತದೆ. 25 ಮಿ.ಮೀ. ಎಫ್ 2.8ಕ್ಕೆ 8.9 ಮಿ.ಮೀ.; 50 ಮಿ.ಮೀ. ಎಫ್ 5.6ಕ್ಕೂ 8.9 ಮಿ.ಮೀ. ನೋಟದ ವಿಸ್ತಾರ ಒಂದೇ, ಕಿಂಡಿ ಒಂದೇ, ಶಟರ್ ವೇಗ ಒಂದೇ ಆದಾಗ ಒಳಬಂದ ಒಟ್ಟು ಬೆಳಕೂ ಒಂದೇ, ಹಿನ್ನೆಲೆಯ ಮಸುಕೂ ಒಂದೇ. ದೊಡ್ಡ ಸೆನ್ಸರ್ ಎಂದರೆ ದೊಡ್ಡ ಹೊಟ್ಟೆ. ಬಡಿಸಿದರೆ ಹೆಚ್ಚು ಉಣ್ಣುತ್ತದೆ, ಬಡಿಸದಿದ್ದರೆ ಹೊಟ್ಟೆ ಎಷ್ಟು ದೊಡ್ಡದಿದ್ದು ಏನು?

ಹಾಗಾಗಿ ಎರಡು ಕ್ಯಾಮೆರಾಗಳ ನಡುವೆ ಆಯ್ಕೆ ಬಂದಾಗ ಮೊದಲು ಕಿಂಡಿಯ ವ್ಯಾಸವನ್ನೇ ಲೆಕ್ಕ ಹಾಕುತ್ತೇನೆ. ಫಲಿತಾಂಶ ಹಲವು ಸಲ ಸಾಮಾನ್ಯ ನಂಬಿಕೆಗೆ ಉಲ್ಟಾ ಬರುತ್ತದೆ.

ಪಕ್ಷಿಗಳಿಂದ ಶುರು ಮಾಡೋಣ. ಸೋನಿಗೆ 200-600 ಮಿ.ಮೀ. ಎಫ್ 5.6-6.3 ಲೆನ್ಸ್. ಉದ್ದದ ತುದಿಯಲ್ಲಿ ಕಿಂಡಿ 95 ಮಿ.ಮೀ. ಒಲಿಂಪಸ್‌ಗೆ 300 ಮಿ.ಮೀ. ಎಫ್ 4, ನೋಟ ಫುಲ್ ಫ್ರೇಮ್‌ನ 600 ಮಿ.ಮೀ.ನಷ್ಟೇ, ಕಿಂಡಿ 75 ಮಿ.ಮೀ. ವಿಸ್ತೀರ್ಣದಲ್ಲಿ ಸೋನಿಯದು 1.6 ಪಟ್ಟು, ಅಂದರೆ ಸುಮಾರು ಮೂರನೇ ಎರಡು ಸ್ಟಾಪ್. ಸೆನ್ಸರ್ ಅಳತೆ ಹೇಳುವ ಎರಡು ಸ್ಟಾಪ್ ಇಲ್ಲಿ ಇಷ್ಟಕ್ಕೆ ಇಳಿದಿದೆ. ಕೊಂಬೆಯಿಂದ ಹಾರುವ ಮಿಂಚುಳ್ಳಿಗೆ 1/2000 ಸೆಕೆಂಡು ಬೇಕೆಂದರೆ ಸೋನಿ ಎಫ್ 6.3ರಲ್ಲಿ ಐಎಸ್‌ಒ 3200 ಕೇಳುವ ಬೆಳಕಿನಲ್ಲಿ ಒಲಿಂಪಸ್ ಎಫ್ 4ರಲ್ಲಿ 1250 ಕೇಳುತ್ತದೆ. ರೆಕ್ಕೆಯ ನೀಲಿಯಲ್ಲಿ ನಾಯ್ಸ್‌ನ ವ್ಯತ್ಯಾಸ ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಇಲ್ಲ. ತೂಕದ ವ್ಯತ್ಯಾಸವನ್ನು ಮಾತ್ರ ಹುಡುಕಬೇಕಿಲ್ಲ: ಟ್ರೈಪಾಡ್ ಪಾದ ಬಿಟ್ಟು ಸೋನಿಯ ಲೆನ್ಸ್ 2115 ಗ್ರಾಂ, ಒಲಿಂಪಸ್‌ನದು 1270. ಕೊಂಬೆಯತ್ತ ಕ್ಯಾಮೆರಾ ಎತ್ತಿ ಹಿಡಿದು ಕಾಯುವಾಗ ನನ್ನ ತೋಳು ಮೊದಲು ಸೋಲುವುದು ಯಾವುದಕ್ಕೆ ಎಂದು ಹೇಳಬೇಕಾಗಿಲ್ಲ. ತೋಳು ಸೋತ ಮೇಲೆ ತೆಗೆದ ಚಿತ್ರಕ್ಕೆ ಮೂರನೇ ಎರಡು ಸ್ಟಾಪ್ ಯಾವ ಸಹಾಯವನ್ನೂ ಮಾಡುವುದಿಲ್ಲ. ಆದರೂ ಸೋನಿಯದು ಜೂಮ್. ಹಕ್ಕಿ ತೀರಾ ಹತ್ತಿರ ಬಂದು ಕೂತಾಗ 300 ಎಫ್ 4 ಹಿಡಿದವನು ರೆಕ್ಕೆ ಕತ್ತರಿಸಿಹೋಗುವುದನ್ನು ನೋಡುತ್ತಾ ನಿಲ್ಲಬೇಕಾಗುತ್ತದೆ. ಫೋಕಸ್ ಹಿಂಬಾಲಿಸುವ ಚುರುಕುತನ ಬೇರೆಯೇ ವಿಷಯ. ಅದಕ್ಕೂ ಸೆನ್ಸರ್ ಅಳತೆಗೂ ಸಂಬಂಧ ಕಲ್ಪಿಸುವುದು ಸರಿಯಲ್ಲ.

ವ್ಯಕ್ತಿಯ ಮುಖ ತೆಗೆಯುವ ಪೋರ್ಟ್ರೇಟ್‌ಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಸೋನಿಯ 85 ಮಿ.ಮೀ. ಎಫ್ 1.8 ಲೆನ್ಸಿನ ಕಿಂಡಿ 47 ಮಿ.ಮೀ., ತೂಕ 371 ಗ್ರಾಂ. ಅದೇ ನೋಟಕ್ಕೆ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಪ್ಯಾನಸೋನಿಕ್ ಲೈಕಾ 42.5 ಮಿ.ಮೀ. ಎಫ್ 1.2 ಇದೆ. ಕಿಂಡಿ 35 ಮಿ.ಮೀ., ತೂಕ 425 ಗ್ರಾಂ. ದೊಡ್ಡ ಸೆನ್ಸರಿನ ಲೆನ್ಸೇ ಹಗುರ, ಹಿನ್ನೆಲೆಯೂ ಅದರಲ್ಲೇ ಹೆಚ್ಚು ಕರಗುತ್ತದೆ. ಸಣ್ಣ ಸೆನ್ಸರಿಗೆ ಹಿನ್ನೆಲೆ ಕರಗಿಸುವ ಲೆನ್ಸ್ ಹುಡುಕಿ ಹಣ ಸುರಿಯುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ. ಹಗುರದ ಮಾತು ಬಂದಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ: ಸೋನಿಯ 28-60 ಮಿ.ಮೀ. ಎಫ್ 4-5.6 ಜೂಮ್ ಕೇವಲ 167 ಗ್ರಾಂ, ಒಲಿಂಪಸ್‌ನ 12-40 ಮಿ.ಮೀ. ಎಫ್ 2.8 ಜೂಮ್ 382 ಗ್ರಾಂ. ಎರಡನೆಯದರ ವ್ಯಾಪ್ತಿ ಹೆಚ್ಚು, ನಿಜ. ಆದರೆ ಫುಲ್ ಫ್ರೇಮ್ ಎಂದರೆ ಹೊರೆ ಎನ್ನುವವರು ಕಿಂಡಿ ಸಣ್ಣದಿರುವ ಮಂದ ಲೆನ್ಸುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಕೀಟಗಳಂಥ ಸಣ್ಣವನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋದಲ್ಲಿ ನನಗೆ ಒಲಿಂಪಸ್ ಬಿಟ್ಟು ಬೇರೆ ಬೇಡ. ಒಲಿಂಪಸ್ 60 ಮಿ.ಮೀ., ಸೋನಿ 90 ಮಿ.ಮೀ. ಮ್ಯಾಕ್ರೋ ಲೆನ್ಸುಗಳೆರಡೂ ಒಂದಕ್ಕೆ ಒಂದು ಪ್ರಮಾಣದವರೆಗೆ ಹೋಗುತ್ತವೆ, ಅಂದರೆ ಸೆನ್ಸರಿನ ಮೇಲೆ ಕೀಟದ ಬಿಂಬ ಕೀಟದಷ್ಟೇ ದೊಡ್ಡದು. ಆರು ಮಿ.ಮೀ. ಉದ್ದದ ನೆಗೆಯುವ ಜೇಡ 36 ಮಿ.ಮೀ. ಅಗಲದ ಸೆನ್ಸರಿನಲ್ಲಿ ಆರನೇ ಒಂದು ಭಾಗ, 17.3 ಮಿ.ಮೀ. ಸೆನ್ಸರಿನಲ್ಲಿ ಮೂರನೇ ಒಂದು ಭಾಗ. ಪಿಕ್ಸೆಲ್ ಲೆಕ್ಕದಲ್ಲಿ ಸೋನಿಯಲ್ಲಿ ಜೇಡದ ಉದ್ದಕ್ಕೆ 1000, ಒಲಿಂಪಸ್‌ನಲ್ಲಿ ಸುಮಾರು 1800. ಮುಂದಿನ ಎರಡು ದೊಡ್ಡ ಕಣ್ಣುಗಳ ಸುತ್ತಲಿನ ರೋಮಗಳನ್ನು ಒಂದೊಂದಾಗಿ ಎಣಿಸಬಹುದಾದದ್ದು ಎರಡನೆಯದರಲ್ಲಿ. ಇನ್ನು ಕಣ್ಣಿನಿಂದ ಕಾಲಿನವರೆಗೆ ಸ್ಪಷ್ಟವಾಗಿರಬೇಕೆಂದರೆ ಸೋನಿಯನ್ನು ಎಫ್ 16ಕ್ಕೆ ಒಯ್ಯಬೇಕು. ಒಲಿಂಪಸ್‌ನಲ್ಲಿ ಅಷ್ಟೇ ಆಳ ಎಫ್ 8ರ ಹತ್ತಿರ ಸಿಗುತ್ತದೆ. ಕಿಂಡಿ ಸಣ್ಣದಾದಂತೆ ಬೆಳಕು ಅಂಚಿನಲ್ಲಿ ಬಾಗುವ ಡಿಫ್ರಾಕ್ಷನ್‌ನಿಂದ ಚಿತ್ರ ಮೃದುವಾಗುತ್ತದಲ್ಲ, ಅದೂ ಎರಡರಲ್ಲಿ ಹೆಚ್ಚುಕಡಿಮೆ ಸಮ. ಹೀಗೆ ಕಿಂಡಿ ಮುಚ್ಚಿಯೇ ಕೆಲಸ ಮಾಡಬೇಕಾದ ಕಡೆ ದೊಡ್ಡ ಸೆನ್ಸರಿಗೆ ತನ್ನ ಪಾಲು ಸಿಗುವುದೇ ಇಲ್ಲ. ಲೆನ್ಸಿನ ತೂಕ ಒಲಿಂಪಸ್ 60 ಮಿ.ಮೀ.ಗೆ 185 ಗ್ರಾಂ, ಸೋನಿ 90 ಮಿ.ಮೀ.ಗೆ 602 ಗ್ರಾಂ.

ಸೋನಿ ಎದುರಾಳಿಯಿಲ್ಲದೆ ಗೆಲ್ಲುವುದು ಬೆಳಕು ಧಾರಾಳವಾಗಿರುವಲ್ಲಿ. ಕತ್ತಲಲ್ಲಿ ಅದರ ಮಹಿಮೆ ಎಂದೇ ಎಲ್ಲರೂ ಹೇಳುವುದರಿಂದ ಇದು ವಿಚಿತ್ರವಾಗಿ ಕೇಳಿಸಬಹುದು. ಟ್ರೈಪಾಡ್ ಮೇಲೆ ಕೂತ ಕ್ಯಾಮೆರಾ, ಅಲುಗದ ಬೆಟ್ಟ, ಹುಟ್ಟುವ ಸೂರ್ಯ. ಇಲ್ಲಿ ಕಿಂಡಿ ಎಷ್ಟೇ ಸಣ್ಣದಿರಲಿ, ಶಟರ್ ತೆರೆದಿಟ್ಟು ಬೇಕಾದಷ್ಟು ಬೆಳಕು ತುಂಬಿಸಬಹುದು. ಸೋನಿಯ ಮೂಲ ಐಎಸ್‌ಒ 100, ಒಲಿಂಪಸ್‌ನದು 200. ಮೋಡದ ಅಂಚು ಬಿಳಿಯಾಗಿ ಸುಟ್ಟುಹೋಗುವ ಮುನ್ನ ದೊಡ್ಡ ಸೆನ್ಸರ್ ಹಲವು ಪಟ್ಟು ಹೆಚ್ಚು ಬೆಳಕು ಹಿಡಿದಿಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬೆಟ್ಟದ ಬುಡದ ನೆರಳನ್ನು ನಾಲ್ಕು ಸ್ಟಾಪ್ ಎತ್ತಿದಾಗ ಸೋನಿಯಲ್ಲಿ ಕಲ್ಲು ಕಲ್ಲಾಗಿಯೇ ಬರುತ್ತದೆ, ಒಲಿಂಪಸ್‌ನಲ್ಲಿ ಮರಳು ಎರಚಿದಂತೆ. ಎರಡು ಮೂರು ಎಕ್ಸ್‌ಪೋಷರ್ ತೆಗೆದು ಬೆಸೆಯುವ ದಾರಿ ಇದೆ, ಬಳಸುತ್ತೇನೆ ಕೂಡ. ಗಾಳಿಗೆ ಎಲೆ ಅಲ್ಲಾಡಿದರೆ ಆ ದಾರಿ ಮುಚ್ಚುತ್ತದೆ.

ಟ್ರೈಪಾಡ್ ಇಲ್ಲದಾಗ ಕೈ ನಡುಕವನ್ನು ಸರಿದೂಗಿಸುವ, ಬಾಡಿಯೊಳಗಿನ ಸ್ಟೆಬಿಲೈಸೇಷನ್ ಲೆಕ್ಕಕ್ಕೆ ಬರುತ್ತದೆ. ತಯಾರಕರು ಒಲಿಂಪಸ್‌ಗೆ 5.5 ಸ್ಟಾಪ್, ಸೋನಿಗೆ 5 ಸ್ಟಾಪ್ ಎನ್ನುತ್ತಾರೆ. ನನ್ನ ಕೈಯಲ್ಲಿ ಅಂತರ ಅದಕ್ಕಿಂತ ದೊಡ್ಡದು. ಕತ್ತಲ ಕಟ್ಟಡದೊಳಗೆ ಕಂಬಗಳನ್ನು ಒಲಿಂಪಸ್‌ನಲ್ಲಿ ಐಎಸ್‌ಒ 200ರಲ್ಲೇ ಕೈಯಲ್ಲಿ ಹಿಡಿದು ತೆಗೆಯುತ್ತೇನೆ. ಕಂಬದ ಪಕ್ಕ ಮನುಷ್ಯ ನಡೆದು ಬಂದ ಕ್ಷಣಕ್ಕೆ ಈ ಅನುಕೂಲ ಮುಗಿಯುತ್ತದೆ.

ಎರಡರ ಚಿತ್ರದ ಆಕಾರವೂ (ಅಗಲ-ಎತ್ತರದ ಪ್ರಮಾಣ) ಬೇರೆ, ಒಂದು 3:2, ಇನ್ನೊಂದು 4:3. ಕೊನೆಯ ಚಿತ್ರ 4:3 ಬೇಕೆಂದರೆ ಸೋನಿಯ ಅಂಚುಗಳನ್ನು ಕತ್ತರಿಸಬೇಕು, ಆಗ ಅದರ ಮೇಲುಗೈ 3.8 ಪಟ್ಟಿನಿಂದ 3.4ಕ್ಕೆ ಇಳಿಯುತ್ತದೆ. ಉದ್ದುದ್ದ ಚಿತ್ರ ಇಷ್ಟಪಡುವವರಿಗೆ ಇದು ತಿರುಗುಮುರುಗು. ಎ3 ಗಾತ್ರದ ಮುದ್ರಣಕ್ಕೆ ಸೋನಿಯಿಂದ ಇಂಚಿಗೆ ಸುಮಾರು 342 ಪಿಕ್ಸೆಲ್, ಒಲಿಂಪಸ್‌ನಿಂದ 313 ಸಿಗುತ್ತವೆ. ಗೋಡೆಗೆ ತೂಗುಹಾಕಿದ ಮೇಲೆ ಈ ವ್ಯತ್ಯಾಸ ಕಾಣುವ ಕಣ್ಣು ನನಗಂತೂ ಇಲ್ಲ.

ಎರಡರ ನಡುವೆ ತೂಗುತ್ತಿರುವವರಿಗೆ ನಾನು ಹೇಳುವುದು, ಈಗಾಗಲೇ ತೆಗೆದಿರುವ ಚಿತ್ರಗಳ ಮಾಹಿತಿಯನ್ನು ನೋಡಿ ಎಂದು. ಫೋಟೊ ಸಂಗ್ರಹದ ಯಾವುದೇ ಒಳ್ಳೆಯ ತಂತ್ರಾಂಶದಲ್ಲಿ ಎಫ್ ಸಂಖ್ಯೆ, ಐಎಸ್‌ಒ, ಫೋಕಲ್ ಲೆಂತ್ ಪ್ರಕಾರ ಸೋಸಬಹುದು. ನಾನು ಸೋಸಿದಾಗ ಇಟ್ಟುಕೊಳ್ಳಲು ಯೋಗ್ಯವಾದ ಚಿತ್ರಗಳಲ್ಲಿ ಹೆಚ್ಚಿನವು ಎರಡು ಗುಂಪಾದವು: ಕಿಂಡಿ ಮುಚ್ಚಿ ತೆಗೆದ ಕೀಟಗಳು, ಉದ್ದನೆಯ ಲೆನ್ಸಿನ ಹಕ್ಕಿಗಳು. ಮಂದ ಬೆಳಕಿನಲ್ಲಿ ಓಡಾಡುವ ಜನರ ಚಿತ್ರಗಳು ಮೂರನೆಯ ಗುಂಪು, ಸಣ್ಣದು, ಆದರೆ ಬಿಡಲಾಗದ್ದು. ಮೊದಲೆರಡಕ್ಕೆ ಒಲಿಂಪಸ್, ಮೂರನೆಯದಕ್ಕೆ ಸೋನಿ. ಅದೇ ಕಾರಣಕ್ಕೆ ನನ್ನ ಮುಂದಿನ ಲೆನ್ಸ್ ಸೋನಿಗೆ 35 ಮಿ.ಮೀ. ಎಫ್ 1.8: ಕಿಂಡಿ 19 ಮಿ.ಮೀ., ತೂಕ 280 ಗ್ರಾಂ. ಒಲಿಂಪಸ್‌ನ 17 ಮಿ.ಮೀ. ಎಫ್ 1.2 ಸೊಗಸಾದ ಲೆನ್ಸ್, ಕಿಂಡಿ ಮಾತ್ರ 14 ಮಿ.ಮೀ., ತೂಕ 390 ಗ್ರಾಂ.